ಚಿನ್ನದ ಕರಾವಳಿಯ ದಾರಿಯಲ್ಲಿ

ಭೂಪಟದ ಪುಸ್ತಕವನ್ನು ತೆರೆದು ಆಫ್ರಿಕ ಖಂಡದ ಪುಟಕ್ಕೆ ಬನ್ನಿ. ಗ್ರೀನಿಚ್ಚಿನ ಮೂಲಕ ಹಾಯುವ ಸೊನ್ನೆ ಡಿಗ್ರಿಯ ರೇಖಾಂಶವನ್ನು ಬೆರಳಿನಿಂದ ಗುರುತಿಸುತ್ತ ದಕ್ಷಿಣಕ್ಕೆ ಇಳಿಯಿರಿ. ಆ ಗೆರೆಯು ಮೆಡಿಟರೇನಿಯನ್ ಸಮುದ್ರವನ್ನೂ ಸಹಾರಾ ಮರುಭೂಮಿಯನ್ನೂ ದಾಟಿ, ಟೆಮಾ ಎಂಬ ಬಂದರಿನ ಬಳಿ ನೆಲವನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ಅದು ಪಶ್ಚಿಮ ಆಫ್ರಿಕದ ಘಾನಾ ದೇಶ; ಎದುರಿಗಿರುವುದು ಅಟ್ಲಾಂಟಿಕ್ ಮಹಾಸಾಗರದ ಗಿನಿ ಕೊಲ್ಲಿ. ಭೂಮಧ್ಯರೇಖೆ ಅಲ್ಲಿಂದ ಐದಾರು ಡಿಗ್ರಿಗಳಷ್ಟೇ ದೂರ.

ಘಾನಾದ ಕರಾವಳಿಯು ಪೂರ್ವಪಶ್ಚಿಮವಾಗಿ ಸುಮಾರು 550 ಕಿಲೋಮೀಟರು ಉದ್ದಕ್ಕೆ ಚಾಚಿಕೊಂಡಿದೆ. ನಮ್ಮ ಕರಾವಳಿ ಪಡುವಣಕ್ಕೆ ಮುಖಮಾಡಿದ್ದರೆ ಇದು ತೆಂಕಣಕ್ಕೆ ಮುಖಮಾಡಿದೆ. ಅಲ್ಲಿ ಸೂರ್ಯನು ದಂಡೆಯ ಒಂದು ತುದಿಯ ಕಡೆಯಿಂದ ಮೇಲೆದ್ದು ಇನ್ನೊಂದು ತುದಿಯ ಕಡೆಗೆ ಇಳಿಯುತ್ತಾನೆ. ಈ ದಂಡೆಯ ಜೊತೆಜೊತೆಗೇ ಒಂದು ಹೆದ್ದಾರಿ ಸಾಗುತ್ತದೆ. ಐವರಿ ಕೋಸ್ಟಿನ ಅಬಿಜಾನ್ ನಗರದಿಂದ ಹೊರಟು ಘಾನಾ, ಟೋಗೋ, ಬೆನಿನ್ ದೇಶಗಳನ್ನು ಹಾದು ನೈಜೀರಿಯದ ಲಾಗೋಸ್ ನಗರವನ್ನು ಸೇರುವ ಮಹಾಮಾರ್ಗದ ಒಂದು ಭಾಗವದು. ಘಾನಾದ ರಾಜಧಾನಿಯಾದ ಅಕ್ರಾದಿಂದ ಪಡುವಣಕ್ಕೆ ಹೊರಟರೆ ಎಡಗಡೆಗೆ ಕಡಲು, ಬಲಗಡೆಗೆ ಕುರುಚಲು ಕಾಡು ಮತ್ತು ಹೊಲಗದ್ದೆ. ರಸ್ತೆಯು ಕೆಲವೆಡೆ ಒಳನಾಡಿಗೆ ಸರಿಯುತ್ತದೆ. ಕೆಲವೆಡೆ ತೆರೆಯ ತುಂತುರು ಸಿಡಿಯುವಷ್ಟು ಹತ್ತಿರಕ್ಕೆ ಬರುತ್ತದೆ. ಆಗ ತೆಂಗಿನ ಸಾಲು, ಬಿಳಿಯ ನೊರೆ, ಮರಳಿನ ಮೇಲೆ ಸಾಲಾಗಿ ನಿಂತ ಬಣ್ಣಬಣ್ಣದ ದೋಣಿಗಳು ಕಣ್ಣಿಗೆ ಹಬ್ಬವನ್ನುಂಟುಮಾಡುತ್ತವೆ.

ಹಿಂದೆ ಯುರೋಪಿನ ವರ್ತಕರು ಈ ನಾಡನ್ನು 'ಚಿನ್ನದ ಕರಾವಳಿ' ಎಂದು ಕರೆದರು. ಹೊರಗಿನವರು ಒಂದು ನಾಡಿಗೆ ಇಟ್ಟ ಹೆಸರಿನಿಂದ ಆ ನಾಡು ಎಂಥದೆಂಬುದಕ್ಕಿಂತ ಅವರಿಗೆ ಅಲ್ಲಿ ಬೇಕಾದದ್ದು ಏನೆಂಬುದು ಹೆಚ್ಚು ಸ್ಪಷ್ಟವಾಗುತ್ತದೆ. ಅಲ್ಲಿ ಹುಟ್ಟಿ ಬೆಳೆದವರಿಗೆ ಅದು ಚಿನ್ನದ ಕರಾವಳಿಯಾಗಿರಲಿಲ್ಲ. ತಮ್ಮ ಮನೆಯ ಅಂಗಳವಾಗಿತ್ತು. ಈ ಎರಡು ನೋಟಗಳನ್ನೂ ನೆನಪಿನಲ್ಲಿ ಇಟ್ಟುಕೊಂಡು ದಾರಿಯನ್ನು ಹಿಡಿಯೋಣ.

ಅಕ್ರಾ ನಗರದ ಹಳೆಯ ಭಾಗಕ್ಕೆ ಜೇಮ್ಸ್ ಟೌನ್ ಎಂದು ಹೆಸರು. ಇದು ಗಾ ಭಾಷೆಯನ್ನಾಡುವ ಜನರ ನೆಲೆ. ಎತ್ತರದ ದೀಪಸ್ತಂಭದ ಕೆಳಗೆ, ಕಡಲಿನ ಅಂಚಿನಲ್ಲಿ 2020ರವರೆಗೆ ಮೀನುಗಾರರ ಕೇರಿಯಿತ್ತು. ಬೆಳಗಿನ ಹೊತ್ತು ರಾತ್ರಿಯೆಲ್ಲ ಕಡಲಿನಲ್ಲಿದ್ದ ದೋಣಿಗಳು ಒಂದೊಂದಾಗಿ ದಡಕ್ಕೆ ಮರಳುತ್ತಿದ್ದವು. ದೋಣಿಯ ಮೂತಿ ಮರಳನ್ನು ತಾಗಿದೊಡನೆ ಹತ್ತಾರು ಜನರು ಹೆಗಲುಕೊಟ್ಟು ಅದನ್ನು ಮೇಲಕ್ಕೆ ಸರಿಸುತ್ತಿದ್ದರು. ಹೆಂಗಸರು ತಲೆಯ ಮೇಲೆ ಅಗಲವಾದ ಬೋಗುಣಿಗಳನ್ನಿಟ್ಟುಕೊಂಡು ಕಾದು ನಿಂತಿರುತ್ತಿದ್ದರು. ಮಕ್ಕಳು ಬಲೆಯಿಂದ ಉದುರಿದ ಸಣ್ಣ ಮೀನುಗಳನ್ನು ಆರಿಸುತ್ತಿದ್ದರು.

ಈ ದೋಣಿಗಳನ್ನು ಕುರಿತು ಎರಡು ಮಾತು ಹೇಳಲೇಬೇಕು. ದೋಣಿಯ ಒಡಲು ಒಂದೇ ಮರದ ಕಾಂಡ. ಒಳನಾಡಿನ ಕಾಡಿನಲ್ಲಿ ಬೆಳೆಯುವ ವಾವಾ ಎಂಬ ಹೆಮ್ಮರವನ್ನು ಉರುಳಿಸಿ, ಅದನ್ನು ಅಲ್ಲಿಯೇ ಕೊರೆದು ತೋಡಿ, ಅನಂತರ ಕಡಲ ತೀರಕ್ಕೆ ಸಾಗಿಸುತ್ತಾರೆ. ವಾವಾ ಹಗುರವಾದ ಮರ. ಕೊರೆಯಲೂ ಸುಲಭ, ನೀರಿನಲ್ಲಿ ತೇಲಲೂ ಸುಲಭ. ತೀರಕ್ಕೆ ಬಂದ ಮೇಲೆ ಎರಡು ಬದಿಗೂ ಹಲಗೆಗಳನ್ನು ಜೋಡಿಸಿ ಎತ್ತರವನ್ನು ಹೆಚ್ಚಿಸುತ್ತಾರೆ. ಆಮೇಲೆ ಬಣ್ಣ ಬಳಿಯುವವನ ಸರದಿ. ಹಳದಿ, ಕೆಂಪು, ಹಸುರು ಬಣ್ಣದ ಚಿತ್ತಾರಗಳ ನಡುವೆ ಒಂದು ಗಾದೆಯೋ ಪ್ರಾರ್ಥನೆಯ ಮಾತೋ ಇರುತ್ತದೆ. ಮೇಲೆ ಸಾಲುಸಾಲು ಬಾವುಟಗಳು ಹಾರಾಡುತ್ತವೆ. ಹುಟ್ಟು ಹಾಕುವ ಕಾಲ ಹೋಗಿ ಈಗ ದೋಣಿಯ ಬದಿಗೆ ಎಂಜಿನ್ನು ಬಂದಿದೆ. ಆದರೂ ಕಾಂಡವನ್ನು ಕೊರೆಯುವ ಕೈಗೆಲಸ ಹಾಗೆಯೇ ಉಳಿದುಬಂದಿದೆ. 2016ರ ಎಣಿಕೆಯಂತೆ ಘಾನಾದ ಕಡಲತೀರದಲ್ಲಿ ಇಂತಹ ದೋಣಿಗಳು 11,000ಕ್ಕೂ ಹೆಚ್ಚು. ಅವುಗಳನ್ನು ನಂಬಿ ಕಡಲಿಗಿಳಿಯುವವರು ಒಂದು ಲಕ್ಷಕ್ಕೂ ಮಿಕ್ಕಿದವರು.

ಈ ಕಡಲಿಗೆ ಇಷ್ಟೊಂದು ಮೀನು ಎಲ್ಲಿಂದ ಬರುತ್ತದೆ? ಪ್ರತಿವರ್ಷ ಜುಲೈ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಕಡಲಿನ ಆಳದ ತಣ್ಣೀರು ಮೇಲಕ್ಕೆ ಉಕ್ಕಿ ಬರುತ್ತದೆ. ಆ ನೀರಿನೊಂದಿಗೆ ತಳದಲ್ಲಿದ್ದ ಪೋಷಕಾಂಶಗಳೂ ಮೇಲೇರುತ್ತವೆ. ಬಿಸಿಲಿನ ನೆರವಿನಿಂದ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಹೇರಳವಾಗಿ ಬೆಳೆಯುತ್ತವೆ. ಅವುಗಳನ್ನೂ, ಅವುಗಳನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳನ್ನೂ ಮೇಯಲು ಸಾರ್ಡಿನೆಲ್ಲಾ ಎಂಬ ಮೀನಿನ ಹಿಂಡುಗಳು ದಡದ ಹತ್ತಿರಕ್ಕೆ ಬರುತ್ತವೆ. ನಮ್ಮ ಕರಾವಳಿಯ ಬೂತಾಯಿ ಮೀನು ಇದೇ ಕುಲಕ್ಕೆ ಸೇರಿದ್ದು. ಬಡವರ ಊಟದ ತಟ್ಟೆಗೆ ಎಟುಕುವ ಮೀನು ಅಲ್ಲಿಯೂ ಇದೇ. ಕೆಲವು ಊರುಗಳಲ್ಲಿ ನಮ್ಮ ರಂಪಣಿಯಂತಹ ದೊಡ್ಡ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಅದರ ಎರಡು ಹಗ್ಗಗಳನ್ನು ದಡದಲ್ಲಿ ನಿಂತವರು ಹಾಡಿನ ಲಯಕ್ಕೆ ಸರಿಯಾಗಿ ಎಳೆಯುತ್ತಾರೆ. ಮುದುಕರು ಮಕ್ಕಳೆನ್ನದೆ ಯಾರು ಹಗ್ಗಕ್ಕೆ ಕೈಹಾಕಿದರೂ ಅವರಿಗೊಂದು ಪಾಲು ಉಂಟು.

ಮೀನು ಹಿಡಿಯುವುದು ಗಂಡಸರ ಕೆಲಸವಾದರೆ, ದಡಕ್ಕೆ ಬಂದ ಮೀನು ಹೆಂಗಸರದು. ಫಾಂಟೆ ಜನರ ಊರುಗಳಲ್ಲಿ ಮೀನು ಮಾರುವ ಹೆಂಗಸರಿಗೆ ಒಬ್ಬ ಮುಖ್ಯಸ್ಥೆ ಇರುತ್ತಾಳೆ. ಅವಳನ್ನು 'ಕೊಂಕೊಹೆಮಾ' ಎಂದು ಗೌರವದಿಂದ ಕರೆಯುತ್ತಾರೆ. 'ಮೀನುಪೇಟೆಯ ರಾಣಿ' ಎಂದು ನಾವು ಹೇಳಬಹುದು. ದಿನದ ಬೆಲೆಯನ್ನು ಗೊತ್ತುಮಾಡುವುದರಲ್ಲಿಯೂ ಜಗಳ ಬಂದಾಗ ಬಗೆಹರಿಸುವುದರಲ್ಲಿಯೂ ಅವಳ ಮಾತಿಗೆ ತೂಕವಿದೆ. ಎಷ್ಟೋ ದೋಣಿಗಳ ಎಣ್ಣೆಗೂ ಬಲೆಗೂ ಹಣವನ್ನು ಮುಂಗಡವಾಗಿ ಕೊಡುವವರೂ ಹೆಂಗಸರೇ. ಬಿಸಿಲಿನ ನಾಡಿನಲ್ಲಿ ಮೀನು ಬೇಗ ಕೆಡುತ್ತದೆಯಾದ್ದರಿಂದ ಅದನ್ನು ಹೊಗೆಯಲ್ಲಿ ಒಣಗಿಸಿ ಒಳನಾಡಿಗೆ ಕಳುಹಿಸುತ್ತಾರೆ. 1970ರ ಸುಮಾರಿಗೆ ಅಕ್ರಾದ ಚೊರ್ಕರ್ ಎಂಬ ಮೀನುಗಾರರ ಕೇರಿಯಲ್ಲಿ ಹೊಸಬಗೆಯ ಒಲೆಯೊಂದು ಸಿದ್ಧವಾಯಿತು. ಚೌಕಾಕಾರದ ಒಲೆಯ ಮೇಲೆ ತಂತಿಬಲೆಯ ತಟ್ಟೆಗಳನ್ನು ಒಂದರ ಮೇಲೊಂದರಂತೆ ಪೇರಿಸಿದರೆ, ಕಡಿಮೆ ಸೌದೆಯಲ್ಲಿ ಹೆಚ್ಚು ಮೀನು ಹದವಾಗಿ ಒಣಗುತ್ತದೆ. ಅದನ್ನು ಬಳಸುವ ಹೆಂಗಸರ ಸಲಹೆಯನ್ನು ಪಡೆದು ಮಾಡಿದ ಒಲೆಯಾದ್ದರಿಂದ ಅದು ಬೇಗನೆ ಮನೆಮಾತಾಯಿತು. ಮುಂದೆ ಆಫ್ರಿಕದ ಬೇರೆ ದೇಶಗಳಿಗೂ ಅದು ಹೋಯಿತು. ಊರಿನ ಹೆಸರನ್ನೂ ಜೊತೆಗೆ ಕೊಂಡೊಯ್ದಿತು.

ನೀವು ಮಂಗಳವಾರ ಈ ದಾರಿಯಲ್ಲಿ ಹೋದರೆ ಬೇರೆಯೇ ನೋಟ. ಗಾ ಮತ್ತು ಫಾಂಟೆ ಜನರ ಊರುಗಳಲ್ಲಿ ಅಂದು ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಂಗಳವಾರ ಕಡಲ ದೇವರ ದಿನ, ಅಂದು ಕಡಲು ವಿಶ್ರಮಿಸಬೇಕು ಎಂಬುದು ಹಿರಿಯರ ಕಟ್ಟಳೆ. ಮನೆಯ ಮುಂದೆ ಕುಳಿತು ಬಲೆಯ ಹರಕನ್ನು ಹೊಲಿಯುವುದು, ದೋಣಿಯ ಬಿರುಕನ್ನು ಮುಚ್ಚುವುದು, ನ್ಯಾಯಪಂಚಾಯಿತಿ ನಡೆಸುವುದು ಅಂದಿನ ಕೆಲಸ. ಇದನ್ನು ಬರಿಯ ನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ವಾರಕ್ಕೊಂದು ದಿನ ಕಡಲನ್ನು ಬಿಟ್ಟುಕೊಟ್ಟವರು, ಕಡಲು ತಮ್ಮೊಬ್ಬರ ಸೊತ್ತಲ್ಲವೆಂಬುದನ್ನು ವಾರಕ್ಕೊಮ್ಮೆ ನೆನಪಿಸಿಕೊಳ್ಳುತ್ತಿದ್ದರು.

ಅಕ್ರಾದಿಂದ ಸುಮಾರು 60 ಕಿಲೋಮೀಟರು ಸಾಗಿದರೆ ವಿನ್ನೆಬಾ. ಪ್ರತಿವರ್ಷ ಮೇ ತಿಂಗಳ ಮೊದಲ ಶನಿವಾರ ಇಲ್ಲಿ 'ಅಬೊವಾಚಿರ್' ಎಂಬ ಹಬ್ಬ. ಊರಿನ ಎರಡು ತಂಡಗಳು ಕಾಡಿಗೆ ಹೋಗಿ, ಆಯುಧವಿಲ್ಲದೆ ಬರಿಗೈಯಲ್ಲಿ ಜಿಂಕೆಯೊಂದನ್ನು ಜೀವಸಹಿತ ಹಿಡಿದು ತರಲು ಪಂಥ ಹೂಡುತ್ತವೆ. ಮುಂದೆ ಅಪಾಮ್ ಎಂಬ ಊರಿನ ಗುಡ್ಡದ ಮೇಲೆ ಡಚ್ಚರ ಪುಟ್ಟ ಕೋಟೆಯೊಂದಿದೆ. ಊರವರ ವಿರೋಧದಿಂದಾಗಿ ಅದನ್ನು ಕಟ್ಟಿ ಮುಗಿಸಲು ವರ್ಷಗಳೇ ಹಿಡಿದುದರಿಂದ ಡಚ್ಚರು ಅದಕ್ಕೆ 'ತಾಳ್ಮೆ' ಎಂದೇ ಹೆಸರಿಟ್ಟರಂತೆ. ಸಾಲ್ಟ್‌ಪಾಂಡ್ ಎಂಬ ಊರು ಘಾನಾದ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಹೆಸರಾಗಿದೆ. ಸ್ವರಾಜ್ಯವನ್ನು ಕೇಳುವ ಮೊದಲ ದೊಡ್ಡ ರಾಜಕೀಯ ಸಂಸ್ಥೆ 1947ರ ಆಗಸ್ಟಿನಲ್ಲಿ ಹುಟ್ಟಿದ್ದು ಇಲ್ಲಿಯೇ. ನಮ್ಮ ದೇಶ ಸ್ವತಂತ್ರವಾದ ತಿಂಗಳೂ ಅದೇ. ಹತ್ತು ವರ್ಷಗಳ ಬಳಿಕ, 1957ರ ಮಾರ್ಚ್ 6ರಂದು, ಕ್ವಾಮೆ ಎನ್‌ಕ್ರೂಮಾ ಅವರ ನಾಯಕತ್ವದಲ್ಲಿ ಚಿನ್ನದ ಕರಾವಳಿ ಸ್ವತಂತ್ರ ಘಾನಾ ಆಯಿತು. ಅನೊಮಾಬು ಎಂಬ ಊರಿನಲ್ಲಿ ಬೀದಿಯ ನಡುವೆ ಸಿಮೆಂಟಿನಿಂದ ಕಟ್ಟಿದ ಹಡಗೊಂದು ಕಾಣಿಸುತ್ತದೆ. ಅದು ನೀರಿಗಿಳಿಯುವ ಹಡಗಲ್ಲ. ಊರನ್ನು ಕಾಯುತ್ತಿದ್ದ ಪಡೆಯೊಂದರ ಗುಡಿ.

ಅನೊಮಾಬುವನ್ನು ದಾಟಿದ ಮೇಲೆ ರಸ್ತೆ ಕಡಲಿಗೆ ಮತ್ತಷ್ಟು ಹತ್ತಿರವಾಗುತ್ತದೆ. ಆಗಲೇ ದೂರದಲ್ಲಿ, ಬಂಡೆಯ ಮೇಲೆ, ಸುಣ್ಣ ಬಳಿದ ಬೃಹತ್ ಕಟ್ಟಡವೊಂದು ಬಿಳುಪಾಗಿ ಹೊಳೆಯುತ್ತದೆ. ಅದು ಕೇಪ್ ಕೋಸ್ಟ್ ಕೋಟೆ. ನೋಡಲು ಅರಮನೆಯಂತಿದೆ. ಒಳಗೆ ಕಾಲಿಟ್ಟವರಿಗೆ ಮಾತ್ರ ಅದು ಏನೆಂಬುದು ತಿಳಿಯುತ್ತದೆ.

1653ರಲ್ಲಿ ಸ್ವೀಡನ್ನಿನವರು ಇಲ್ಲೊಂದು ವ್ಯಾಪಾರದ ಕೋಠಿಯನ್ನು ಕಟ್ಟಿದರು. ಹತ್ತು ಹನ್ನೆರಡು ವರ್ಷಗಳಲ್ಲಿಯೇ ಅದು ಇಂಗ್ಲಿಷರ ಕೈಸೇರಿತು. ಮೊದಲು ವ್ಯಾಪಾರವಾಗುತ್ತಿದ್ದುದು ಚಿನ್ನ ಮತ್ತು ಆನೆದಂತ. ಅಮೆರಿಕದಲ್ಲಿಯೂ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿಯೂ ಕಬ್ಬಿನ ತೋಟಗಳು ಹೆಚ್ಚಿದಂತೆ ಅಲ್ಲಿ ದುಡಿಯಲು ಆಳುಗಳು ಬೇಕಾದರು. ಆಗ ಮನುಷ್ಯನೇ ಸರಕಾದನು. ಒಳನಾಡಿನ ಯುದ್ಧಗಳಲ್ಲಿ ಸೆರೆಸಿಕ್ಕವರನ್ನೂ ಅಪಹರಿಸಿದವರನ್ನೂ ಸಂಕೋಲೆಯಿಂದ ಬಿಗಿದು ಕಡಲಿನವರೆಗೆ ನಡೆಸಿಕೊಂಡು ಬರುತ್ತಿದ್ದರು. ಅವರನ್ನು ಹಿಡಿದು ಮಾರಿದವರಲ್ಲಿ ಆಫ್ರಿಕದ ಅರಸರೂ ದಲ್ಲಾಳಿಗಳೂ ಇದ್ದರೆಂಬುದನ್ನು ಇಂದು ಘಾನಾದವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ದಾರಿಯಲ್ಲಿ ಆಸಿನ್ ಮಾನ್ಸೊ ಎಂಬಲ್ಲಿ ಒಂದು ಹೊಳೆಯಿದೆ. ತಾಯ್ನೆಲದಲ್ಲಿ ಅವರ ಕೊನೆಯ ಸ್ನಾನ ಅದರಲ್ಲಿ ಆಗುತ್ತಿತ್ತು.

ಈ ವ್ಯಾಪಾರದಲ್ಲಿ ಮನುಷ್ಯನ ಬೆಲೆಯನ್ನು ಯಾವುದರಿಂದ ತೆರುತ್ತಿದ್ದರು? ಬಂದೂಕು, ಮದ್ದು, ಕಬ್ಬಿಣದ ಸಲಾಕೆ, ಮದ್ಯ, ಇವುಗಳೊಂದಿಗೆ ಬಟ್ಟೆ. ಆ ಬಟ್ಟೆಯಲ್ಲಿ ಬಹುಭಾಗ ನಮ್ಮ ಭಾರತದ್ದು. ಗುಜರಾತಿನಲ್ಲಿಯೂ ಕೋರಮಂಡಲ ತೀರದಲ್ಲಿಯೂ ನೇಯ್ದ ಹತ್ತಿಯ ಬಟ್ಟೆಯನ್ನು ಯುರೋಪಿನ ವರ್ತಕರು ಕೊಂಡು ಹಡಗುಗಳಲ್ಲಿ ತುಂಬಿ ಗಿನಿ ಕರಾವಳಿಗೆ ಕಳುಹಿಸುತ್ತಿದ್ದರು. ಮಗ್ಗದ ಮುಂದೆ ಕುಳಿತ ನೇಕಾರನಿಗೆ ತನ್ನ ಬಟ್ಟೆಯ ತುಂಡು ಎಲ್ಲಿಗೆ ಹೋಗುವುದೆಂಬುದು ತಿಳಿದಿರಲಾರದು. ದೂರದ ಊರಿನ ದುಃಖಕ್ಕೆ ನಾವು ಅರಿಯದೆಯೇ ಎಳೆಯಾಗುತ್ತೇವೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೋಟೆಯ ನೆಲಮಾಳಿಗೆಗಳಿಗೆ ಇಳಿದರೆ ಕತ್ತಲು. ಗಾಳಿ ಬೆಳಕುಗಳಿಗೆ ಗೋಡೆಯ ಮೇಲೆ ಒಂದೆರಡು ಕಿಂಡಿಗಳಷ್ಟೇ. ನೂರಾರು ಜನರನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಲ್ಲಿ ತುಂಬಿಡುತ್ತಿದ್ದರು. ಗಂಡಸರ ಸೆರೆಮನೆಯ ಮೇಲ್ಗಡೆಯೇ ಅಧಿಕಾರಿಗಳ ಪ್ರಾರ್ಥನಾಮಂದಿರವಿತ್ತು. ಕೆಳಗೆ ನರಳಾಟ, ಮೇಲೆ ಸ್ತೋತ್ರ. ಹಡಗು ಬಂದಾಗ ಸೆರೆಯಾಳುಗಳನ್ನು ಕಡಲಿನ ಕಡೆಗೆ ತೆರೆಯುವ ಬಾಗಿಲಿನಿಂದ ಹೊರಡಿಸುತ್ತಿದ್ದರು. ಆ ಬಾಗಿಲಿಗೆ 'ಮರಳಿ ಬಾರದ ಬಾಗಿಲು' ಎಂದು ಹೆಸರು. ನಾಲ್ಕು ಶತಮಾನಗಳ ಅವಧಿಯಲ್ಲಿ ಆಫ್ರಿಕದಿಂದ ಹೀಗೆ ಹಡಗೇರಿದವರು ಸುಮಾರು ಒಂದೂಕಾಲು ಕೋಟಿ ಜನರೆಂದು ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಹದಿನೆಂಟು ಲಕ್ಷದಷ್ಟು ಜನರು ಆಚೆಯ ದಡವನ್ನು ಕಾಣಲೇ ಇಲ್ಲ. ಬ್ರಿಟನ್ 1807ರಲ್ಲಿ ಕಾಯಿದೆ ಮಾಡಿ ಈ ವ್ಯಾಪಾರವನ್ನು ನಿಷೇಧಿಸಿತು.

ಇಂದು ಆ ಬಾಗಿಲನ್ನು ತೆರೆದು ಹೊರಗೆ ಹೆಜ್ಜೆಯಿಟ್ಟವರು ಒಂದು ಕ್ಷಣ ಬೆರಗಾಗುತ್ತಾರೆ. ಎದುರಿಗೆ ಹಡಗಿಲ್ಲ, ಸಂಕೋಲೆಯಿಲ್ಲ. ಬಣ್ಣದ ದೋಣಿಗಳು, ಬಲೆ ಹೊಲಿಯುವ ಮೀನುಗಾರರು, ಚೆಂಡಾಡುವ ಹುಡುಗರು, ಬೋಗುಣಿ ಹೊತ್ತ ತಾಯಂದಿರು! 1998ರಲ್ಲಿ, ಅಮೆರಿಕ ಮತ್ತು ಜಮೈಕಗಳಲ್ಲಿ ಮಣ್ಣಾಗಿದ್ದ ಇಬ್ಬರು ಗುಲಾಮರ ಅಸ್ಥಿಗಳನ್ನು ಇದೇ ಬಾಗಿಲಿನ ಮೂಲಕ ಒಳಕ್ಕೆ ತಂದು, ಆಸಿನ್ ಮಾನ್ಸೊದ ಹೊಳೆಯ ಬಳಿ ಸಮಾಧಿ ಮಾಡಿದರು. ಈಗ ಅದೇ ಬಾಗಿಲಿನ ಹೊರಮೈಯ ಮೇಲೆ 'ಮರಳಿ ಬರುವ ಬಾಗಿಲು' ಎಂದು ಬರೆದಿದ್ದಾರೆ.

ಅಲ್ಲಿಂದ ಹನ್ನೆರಡು ಹದಿಮೂರು ಕಿಲೋಮೀಟರು ದೂರದಲ್ಲಿ ಎಲ್ಮಿನಾ. ಪೋರ್ಚುಗೀಸರು 1482ರಲ್ಲಿ ಇಲ್ಲಿ ಕಟ್ಟಿದ ಕೋಟೆ, ಸಹಾರಾದ ದಕ್ಷಿಣಕ್ಕೆ ಯುರೋಪಿಯನ್ನರು ಕಟ್ಟಿದ ಕಟ್ಟಡಗಳಲ್ಲಿ ಇಂದಿಗೂ ನಿಂತಿರುವ ಅತ್ಯಂತ ಹಳೆಯದು. 1637ರಲ್ಲಿ ಅದನ್ನು ಡಚ್ಚರು ಗೆದ್ದರು. 1872ರಲ್ಲಿ ಬ್ರಿಟಿಷರು ಪಡೆದರು. ಈ ಕರಾವಳಿಯ ಕೋಟೆಗಳನ್ನು 1979ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆಯ ಪಕ್ಕದಲ್ಲಿಯೇ ಬೆನ್ಯಾ ಎಂಬ ಹಿನ್ನೀರು ಕಡಲನ್ನು ಸೇರುತ್ತದೆ. ಸೇತುವೆಯ ಮೇಲೆ ನಿಂತರೆ ಕೆಳಗೆ ನೂರಾರು ದೋಣಿಗಳ ಸಂತೆ. ವರ್ಷದಲ್ಲಿ ಕೆಲವು ವಾರ ಈ ಹಿನ್ನೀರಿನಲ್ಲಿ ಯಾರೂ ಬಲೆ ಬೀಸುವಂತಿಲ್ಲ. ಜುಲೈ ತಿಂಗಳ ಮೊದಲ ಮಂಗಳವಾರ 'ಬಕಾಟುಯೆ' ಹಬ್ಬ. ಅಂದು ಪೂಜೆ ಸಲ್ಲಿಸಿ, ಎಲ್ಲರೂ ನೋಡುತ್ತಿರುವಂತೆ ಮೂರು ಬಾರಿ ಬಲೆ ಬೀಸಿದ ಮೇಲೆಯೇ ಮೀನುಗಾರಿಕೆ ಮತ್ತೆ ಆರಂಭ.

ಹೀಗೆ ಕಟ್ಟಳೆಯಿಂದ ಬದುಕಿದ ಜನರ ಕಡಲಿಗೆ ಇಂದು ಹೊಸ ಸಂಕಟ ಬಂದೊದಗಿದೆ. 1990ರ ದಶಕದ ಆರಂಭದಲ್ಲಿ ಹೇರಳವಾಗಿ ದೊರೆಯುತ್ತಿದ್ದ ಸಾರ್ಡಿನೆಲ್ಲಾ ಇಂದು ಅದರ ಸಣ್ಣದೊಂದು ಪಾಲಿನಷ್ಟು ಮಾತ್ರ ದೊರೆಯುತ್ತಿದೆ. ಕಾರಣಗಳು ಹಲವು. ಬೃಹತ್ ಟ್ರಾಲರ್ ಹಡಗುಗಳು ದೊಡ್ಡ ಬಲೆಯಿಂದ ಕಡಲನ್ನು ಗೋರುತ್ತವೆ. ಅವುಗಳಲ್ಲಿ ಬಹುಪಾಲು ಪರದೇಶದವರ ಬಂಡವಾಳದಿಂದ ನಡೆಯುತ್ತವೆ. ತಳದ ಮೀನನ್ನು ಹಿಡಿಯಲು ಪರವಾನಗಿ ಪಡೆದ ಹಡಗುಗಳು ದೋಣಿಯವರ ಪಾಲಿನ ಸಣ್ಣ ಮೀನನ್ನೂ ಹಿಡಿದು, ಹಿಮಗಟ್ಟಿಸಿ, ಕಡಲಿನ ನಡುವೆಯೇ ಕಳ್ಳತನದಿಂದ ಮಾರಿದ್ದುಂಟು. ಅದಕ್ಕೆ ಅಲ್ಲಿ 'ಸೈಕೊ' ಎನ್ನುತ್ತಾರೆ. ತಮ್ಮ ಕಡಲಿನ ಮೀನನ್ನೇ ಊರವರು ಕಾಸು ಕೊಟ್ಟು ಕೊಳ್ಳುವುದು, ತಮ್ಮ ಮನೆಯ ಬಾವಿಯ ನೀರನ್ನು ಪರರಿಂದ ಕೊಂಡು ಕುಡಿದಂತೆ. ಆದರೆ ತಪ್ಪೆಲ್ಲ ಹಡಗುಗಳದೇ ಅಲ್ಲ. ದೋಣಿಗಳ ಸಂಖ್ಯೆ ಹೆಚ್ಚಿದೆ. ಕೆಲವರು ರಾತ್ರಿ ಪ್ರಖರವಾದ ದೀಪ ಹಚ್ಚಿ ಮೀನುಗಳನ್ನು ಸೆಳೆಯುತ್ತಾರೆ. ಕೆಲವರು ಮರಿಗಳೂ ಪಾರಾಗದ ಸಣ್ಣ ಕಣ್ಣಿನ ಬಲೆಯನ್ನು ಬಳಸುತ್ತಾರೆ. ಸಿಡಿಮದ್ದನ್ನು ಎಸೆಯುವವರೂ ಇದ್ದಾರೆ. ಹಸಿವು ಹಿರಿಯರ ಕಟ್ಟಳೆಯನ್ನು ಮರೆಸುತ್ತದೆ.

ಸರಕಾರವೂ ಜನರೂ ಎಚ್ಚೆತ್ತುಕೊಂಡಿದ್ದಾರೆ. ಮೀನು ಮೊಟ್ಟೆಯಿಡಲೆಂದು 2019ರಲ್ಲಿ ಮೊದಲ ಬಾರಿಗೆ ದೋಣಿಯವರೂ ಒಂದು ತಿಂಗಳ ಕಾಲ ಬಲೆಯನ್ನು ಮಡಿಚಿಟ್ಟರು. ಅದು ಸುಲಭದ ಮಾತಾಗಿರಲಿಲ್ಲ. ದಿನದ ಗಳಿಕೆಯಿಂದ ದಿನದ ಅನ್ನ ಬೇಯಿಸುವ ಮನೆಯಲ್ಲಿ ಒಂದು ತಿಂಗಳ ಬಿಡುವೆಂದರೆ ಒಂದು ತಿಂಗಳ ಸಾಲ. 2025ರ ಹೊಸ ಕಾಯಿದೆಯು ಟ್ರಾಲರುಗಳು ಪ್ರವೇಶಿಸಬಾರದ ತೀರದ ವಲಯವನ್ನು ದಡದಿಂದ 6 ನಾವಿಕ ಮೈಲಿಗಳಿಂದ 12 ನಾವಿಕ ಮೈಲಿಗಳಿಗೆ ವಿಸ್ತರಿಸಿತು. ಕಾಯಿದೆಯ ಗೆರೆ ನೀರಿನ ಮೇಲೆ ಕಾಣುವುದಿಲ್ಲ. ಅದನ್ನು ಕಾಯುವ ಕಣ್ಣುಗಳು ಬೇಕು.

ಎಲ್ಮಿನಾದಿಂದ ಮುಂದೆ ದಾರಿ ಟಕೊರಾಡಿ ಬಂದರಿಗೆ ಹೋಗುತ್ತದೆ. ಅಕ್ರಾದ ಸುತ್ತ ಒಣಗಿದ ಹುಲ್ಲುಗಾವಲನ್ನು ಕಂಡವರಿಗೆ ಇಲ್ಲಿ ಹಸುರು ದಟ್ಟವಾಗುತ್ತ ಬರುವುದು ಗೋಚರಿಸುತ್ತದೆ. ಪಡುವಣದ ಆಕ್ಸಿಮ್‌ನಲ್ಲಿ ಬೀಳುವ ಮಳೆ ಅಕ್ರಾದ ಮಳೆಯ ಎರಡು ಪಟ್ಟಿಗೂ ಹೆಚ್ಚು. ಹೆದ್ದಾರಿಯಿಂದ ಎಡಕ್ಕೆ ಹೊರಳಿದರೆ ಬುಸುವಾ ಎಂಬ ಸುಂದರವಾದ ಮರಳ ತೀರ. ಇನ್ನೂ ಮುಂದೆ, ಘಾನಾದ ದಕ್ಷಿಣದ ತುದಿಯಾದ ಮೂರು ಕೋಡುಗಳ ಭೂಶಿರ. ಅಲ್ಲಿಂದ ಆಚೆಗೆ, ಭೂಮಧ್ಯರೇಖೆಯವರೆಗೂ ಬರಿಯ ನೀರು.

ನಮ್ಮ ಪಯಣ ಇಲ್ಲಿಗೆ ಮುಗಿಯಿತು. ಈ ದಂಡೆಗೆ ಹೊರಗಿನಿಂದ ಬಂದವರು ಮೊದಲು ಚಿನ್ನವನ್ನು ಎಣಿಸಿದರು, ಬಳಿಕ ಮನುಷ್ಯರನ್ನು ಎಣಿಸಿದರು, ಈಗ ಮೀನನ್ನು ಎಣಿಸುತ್ತಿದ್ದಾರೆ. ಅಲ್ಲಿಯವರಾದರೋ ವಾರಕ್ಕೊಂದು ದಿನ ಎಣಿಕೆಯನ್ನೇ ನಿಲ್ಲಿಸಿ ಕಡಲನ್ನು ಅದರ ಪಾಡಿಗೆ ಬಿಡುವುದನ್ನು ಕಲಿತಿದ್ದರು. ದಾರಿಯಲ್ಲಿ ಹೋಗುವವನ ಕಣ್ಣಿಗೆ ಕಡಲು ಒಂದು ಚೆಲುವಾದ ಚಿತ್ರ. ಆ ಚಿತ್ರದೊಳಗೆ ಬಲೆ ಹೊಲಿಯುತ್ತಿರುವವನ ಕೈಬೆರಳುಗಳನ್ನೂ, ಬೋಗುಣಿ ಹಿಡಿದು ಕಾಯುವವಳ ಮುಖವನ್ನೂ ಕಂಡಾಗಲೇ ಅವನು ಆ ನಾಡನ್ನು ಕಂಡಂತೆ.

ಪದಗಳ ಅರ್ಥ

ಕಟ್ಟಳೆ - ನಿಯಮ, ಕಟ್ಟುಪಾಡು
ಕೋಠಿ - ವ್ಯಾಪಾರದ ಮಳಿಗೆ, ಉಗ್ರಾಣ
ಸಂಕೋಲೆ - ಬೇಡಿ, ಸರಪಣಿ
ರಂಪಣಿ - ದಡದಿಂದ ಎಳೆಯುವ ದೊಡ್ಡ ಮೀನುಬಲೆ
ಹಿನ್ನೀರು - ಕಡಲಿನ ನೀರು ಒಳನುಗ್ಗಿ ನಿಲ್ಲುವ ಜಲಾಶಯ
ಭೂಶಿರ - ಕಡಲಿನೊಳಕ್ಕೆ ಚಾಚಿದ ನೆಲದ ತುದಿ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಘಾನಾಕ್ಕೆ ಹಿಂದೆ ಯುರೋಪಿನ ವರ್ತಕರು ಇಟ್ಟಿದ್ದ ಹೆಸರೇನು?
2. ದೋಣಿ ಮಾಡಲು ವಾವಾ ಮರವನ್ನು ಏಕೆ ಆರಿಸುತ್ತಾರೆ?
3. 'ಸೈಕೊ' ಎಂದರೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಜುಲೈಯಿಂದ ಸೆಪ್ಟೆಂಬರಿನವರೆಗೆ ದಡದ ಹತ್ತಿರ ಮೀನು ಹೇರಳವಾಗಲು ಕಾರಣವೇನು?
2. ಮೀನಿನ ವ್ಯಾಪಾರದಲ್ಲಿ ಹೆಂಗಸರ ಪಾತ್ರವನ್ನು ವಿವರಿಸಿ.
3. ಕೇಪ್ ಕೋಸ್ಟ್ ಕೋಟೆಯ ಬಾಗಿಲಿಗೆ ಎರಡು ಹೆಸರುಗಳು ಬಂದದ್ದು ಹೇಗೆ?

ಇ. ಸಂದರ್ಭದೊಡನೆ ವಿವರಿಸಿ.
1. "ಕೆಳಗೆ ನರಳಾಟ, ಮೇಲೆ ಸ್ತೋತ್ರ."
2. "ಹಸಿವು ಹಿರಿಯರ ಕಟ್ಟಳೆಯನ್ನು ಮರೆಸುತ್ತದೆ."

ಈ. ಮಾಡಿ ನೋಡಿ.
ಭೂಪಟದಲ್ಲಿ ಟೆಮಾ, ಅಕ್ರಾ, ಕೇಪ್ ಕೋಸ್ಟ್, ಎಲ್ಮಿನಾ, ಟಕೊರಾಡಿ ಇವುಗಳನ್ನು ಗುರುತಿಸಿ.